ರೇಷ್ಮೆ ಹುಳುವಿಗೆ ಲಸಿಕೆ

“ಚುಚ್ಚಿ ಆಯ್ತಾ ಸಿಸ್ಟರ್?”

ಧನುಶ್ರೀ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಇಸ್ಮತ್ ಸಿಸ್ಟರ್ ಇನ್ನೂ ಹತ್ತಿಯನ್ನೇ ಕೈಗೆ ತೆಗೆದುಕೊಂಡಿರಲಿಲ್ಲ. ಹಿಂದೆ ಸಾಲಾಗಿ ನಿಂತಿದ್ದ ಐದನೇ ಕ್ಲಾಸೆಲ್ಲ ಕಿಸಕ್ಕೆಂದಿತು. ಧನುಶ್ರೀ ಒಂದು ಕಣ್ಣು ಬಿಟ್ಟು ನೋಡಿದಳು. ಸೂಜಿ ಕಂಡಿತು. ಮತ್ತೆ ಮುಚ್ಚಿಕೊಂಡಳು.

ಈ ಹುಡುಗಿಗೆ ಹುಳ ಅಂದರೆ ಭಯವಿಲ್ಲ. ಅಂಗೈ ತುಂಬ ರೇಷ್ಮೆ ಹುಳ ಬಿಟ್ಟುಕೊಂಡು ಮಾತಾಡಿಸುತ್ತಾಳೆ. ಹಾವು ಕಂಡರೂ ಒಂದು ಗಳಿಗೆ ನಿಂತು ನೋಡಿ ಆಮೇಲೇ ಓಡುವವಳು. ಸೂಜಿ ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಏನು ಮಾಡುವುದು, ಒಬ್ಬೊಬ್ಬರದು ಒಂದೊಂದು.

ಸಿಸ್ಟರ್ ಚನ್ನಪಟ್ಟಣದವರು. ಅವರ ಮನೆಯಲ್ಲಿ ಎಲ್ಲರೂ ಮರದ ಗೊಂಬೆ ಮಾಡುವವರು. ಇವರೊಬ್ಬರು ಮಾತ್ರ ಸ್ಕೂಟಿ ಹತ್ತಿ ಊರೂರು ಸುತ್ತಿ ಸೂಜಿ ಹಾಕುವವರು. ಅದಕ್ಕೇ ಏನು ಹೇಳಲು ಹೊರಟರೂ ಮಾತು ಗೊಂಬೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

“ಒಂದು ಊರಿಗೆ ಕಳ್ಳ ಬರ್ತಾನೆ ಅಂತ ಇಟ್ಕೊ,” ಅಂದರು. “ಕಾವಲುಗಾರರು ಅವನ ಮುಖಾನೇ ನೋಡಿಲ್ಲ. ಹಿಡಿಯೋದು ಹೆಂಗೆ? ಅದಕ್ಕೆ ಕಳ್ಳ ಬರೋಕೆ ಮುಂಚೇನೇ ಅವನ ಥರಾನೇ ಒಂದು ಗೊಂಬೆ ಮಾಡಿ ಊರೊಳಕ್ಕೆ ಕಳಿಸ್ತೀವಿ. ಅದು ಕದಿಯಲ್ಲ, ಹೊಡೆಯಲ್ಲ. ಅದನ್ನ ನೋಡಿ ನೋಡಿ ಕಾವಲುಗಾರರು ಮುಖ ನೆನಪಿಟ್ಕೊಳ್ತಾರೆ. ಲಸಿಕೆ ಅಂದ್ರೆ ಅಷ್ಟೇ ಬೇಟಾ. ಕೈ ಇಳಿಸು, ಆಯ್ತು.”

ಧನುಶ್ರೀ ಕಣ್ಣು ಬಿಟ್ಟಳು. ಚುಚ್ಚಿದ್ದು ಯಾವಾಗ ಅಂತಲೇ ಗೊತ್ತಾಗಿರಲಿಲ್ಲ.

ಸಾಲಿನಲ್ಲಿ ಮುಂದಿನವಳು ಸಾನಾ, ಧನುಶ್ರೀಯ ಬೆಂಚಿನವಳು. ಅವಳಿಗೆ ಪ್ರಶ್ನೆ ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಎಲ್ಲ ಲಸಿಕೆಯಲ್ಲೂ ಒಂದೇ ಥರದ ಗೊಂಬೆ ಇರುತ್ತದಾ ಅಂತ ಕೇಳಿದಳು.

ಇಲ್ಲ ಅಂದರು ಸಿಸ್ಟರ್. ಕೆಲವದರಲ್ಲಿ ರೋಗಾಣುವನ್ನು ಸಾಯಿಸಿ ಹಾಕುತ್ತಾರೆ. ಮುಖ ಹಾಗೇ ಇರುತ್ತದೆ, ಜೀವ ಇರುವುದಿಲ್ಲ. ಕೆಲವದರಲ್ಲಿ ಜೀವ ಇರುತ್ತದೆ, ಆದರೆ ಸೊರಗಿಸಿ ಸೊರಗಿಸಿ ಕೈಕಾಲಲ್ಲಿ ತ್ರಾಣವೇ ಇಲ್ಲದ ಹಾಗೆ ಮಾಡಿರುತ್ತಾರೆ. ದಡಾರದ ಲಸಿಕೆ ಹಾಗೆ, ಬಾಯಿಗೆ ಬಿಡುವ ಪೋಲಿಯೋ ಹನಿಯೂ ಹಾಗೆ. ಇನ್ನು ಕೆಲವದಕ್ಕೆ ಇಡೀ ಕಳ್ಳನೂ ಬೇಡ, ಅವನ ಟೋಪಿ ಒಂದಿದ್ದರೆ ಸಾಕು, ಕಾವಲುಗಾರರು ಟೋಪಿ ನೋಡಿಯೇ ಗುರುತು ಹಿಡಿಯುತ್ತಾರೆ.

ಇವತ್ತು ಹಾಕಿದ್ದು ಧನುರ್ವಾಯು ಮತ್ತು ಗಂಟಲಮಾರಿಯದು. ಇದರಲ್ಲಿ ರೋಗಾಣುವೇ ಇಲ್ಲವಂತೆ. ಅದು ಕಕ್ಕುವ ವಿಷವನ್ನು ತೆಗೆದುಕೊಂಡು, ಹಲ್ಲು ಕಿತ್ತ ಹಾವಿನ ಹಾಗೆ ಸಾಧು ಮಾಡಿ ತುಂಬಿದ್ದಾರಂತೆ.

“ಕೊರೊನಾ ಟೈಮಲ್ಲಿ ಇನ್ನೊಂದು ಹೊಸದು ಬಂತು,” ಅಂದರು ಸಿಸ್ಟರ್. “ಅದರಲ್ಲಿ ಕಳ್ಳನೂ ಇಲ್ಲ, ಟೋಪಿನೂ ಇಲ್ಲ. ಟೋಪಿ ಮಾಡೋದು ಹೆಂಗೆ ಅಂತ ಬರೆದಿರೋ ಒಂದು ಚೀಟಿ, ಅಷ್ಟೇ. ನಮ್ಮ ಮೈ ಅದನ್ನ ಓದ್ಕೊಂಡು ತಾನೇ ಟೋಪಿ ಮಾಡುತ್ತೆ. ಆಮೇಲೆ ಚೀಟಿ ಹರಿದು ಬಿಸಾಕುತ್ತೆ.”

ಕೈ ಒಸಿ ನೋಯಬಹುದು, ಮೈ ಬೆಚ್ಚಗಾಗಬಹುದು, ಹೆದರಬೇಡಿ, ಒಳಗೆ ಕಾವಲುಗಾರರು ಪ್ರಾಕ್ಟೀಸ್ ಮಾಡುತ್ತಿರುತ್ತಾರೆ ಅಂತ ಹೇಳಿ, ಇವತ್ತು ಬರದ ಮಕ್ಕಳಿಗೆ ಹಾಕಲು ಸೋಮವಾರ ಮತ್ತೆ ಬರುತ್ತೇನೆ ಅಂದು ಸಿಸ್ಟರ್ ಸ್ಕೂಟಿ ಹತ್ತಿದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಧನುಶ್ರೀಯ ತೋಳು ಭಾರವಾಗಿತ್ತು. ಆದರೂ ಬ್ಯಾಗು ಎಸೆದು ಸೀದಾ ಹಿತ್ತಲಿಗೆ ಹೋದಳು. ಅಲ್ಲಿ ಅವರ ಹುಳು ಮನೆ ಇದೆ. ಅವರ ಊರು ಅಕ್ಕೂರಿನಲ್ಲಿ ಸುಮಾರು ಜನ ರೇಷ್ಮೆ ಹುಳ ಸಾಕುವವರೇ. ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ. ಅದರಲ್ಲಿ ಕಾಲು ಅದ್ದದೆ ಅವ್ವ ಯಾರನ್ನೂ ಒಳಗೆ ಬಿಡುವುದಿಲ್ಲ. ಒಂದು ಸಲ ದೊಡ್ಡ ಆಫೀಸರು ಬಂದಿದ್ದಾಗಲೂ, ಶೂ ಬಿಚ್ಚಿ ಸಾರ್, ಪ್ಯಾಂಟು ಮೇಲೆತ್ತಿ ಸಾರ್ ಅಂತ ನಿಲ್ಲಿಸಿದ್ದಳು. ಅಪ್ಪನಿಗೆ ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಒಳಗೆ ಸ್ಟ್ಯಾಂಡ್ ಮೇಲೆ ಸ್ಟ್ಯಾಂಡು, ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಾವಿರಾರು ಹುಳ. ಮೂರನೇ ಜ್ವರ ಮುಗಿಸಿ ಎದ್ದಿದ್ದವು. ಹುಳಕ್ಕೆ ಜ್ವರ ಅಂದರೆ ಕಾಯಿಲೆಯಲ್ಲ. ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ನಿಂತು ಹಳೇ ಚರ್ಮ ಕಳಚುತ್ತವಲ್ಲ, ಅದಕ್ಕೆ ಈ ಕಡೆ ಹಾಗನ್ನುತ್ತಾರೆ. ನಾಲ್ಕನೇ ಜ್ವರ ಮುಗಿದರೆ ಆಮೇಲೆ ಹಗಲೂ ರಾತ್ರಿ ಊಟ, ಆಮೇಲೆ ಗೂಡು.

ಮೂಲೆಯಲ್ಲಿ ಒಂದು ಬಿದಿರು ತಟ್ಟೆ. ಅದು ಧನುಶ್ರೀಯದು. ಬೇರೆ ಹುಳಗಳ ಜೊತೆ ಸಮಕ್ಕೆ ಬೆಳೆಯದೆ ಹಿಂದೆ ಬಿದ್ದವನ್ನೆಲ್ಲ ಅವ್ವ ಆರಿಸಿ ಅದರಲ್ಲಿ ಹಾಕಿ ಮಗಳಿಗೆ ಕೊಟ್ಟಿದ್ದಳು. ಧನುಶ್ರೀ ಅದಕ್ಕೆ ಐದನೇ ಕ್ಲಾಸು ಅಂತ ಹೆಸರಿಟ್ಟಿದ್ದಳು. ದಿನಾ ಸೊಪ್ಪು ಹಾಕುವಾಗ ಅಟೆಂಡೆನ್ಸು. ಸೋಮಾರಿ ಬಂದಿದ್ದೀಯಾ, ಗುಂಡಾ ಬಂದಿದ್ದೀಯಾ, ಮೂಗುಬಟ್ಟು ಬಂದಿದ್ದೀಯಾ ಅಂತ ಕೂಗುವುದು, ಅವುಗಳ ಪರವಾಗಿ ತಾನೇ ‘ಪ್ರೆಸೆಂಟ್ ಮಿಸ್’ ಅನ್ನುವುದು.

ಅವತ್ತು ಅಟೆಂಡೆನ್ಸ್ ಮುಗಿಯುವುದರೊಳಗೆ ಅವ್ವ ಎದುರಿನ ಸ್ಟ್ಯಾಂಡಿನಿಂದ ಒಂದು ಹುಳವನ್ನು ಕಡ್ಡಿಯಲ್ಲಿ ಎತ್ತಿ, ಸುಣ್ಣದ ನೀರಿನ ಬೇಸನ್ನಿಗೆ ಹಾಕಿದಳು. ಹುಳ ಊದಿಕೊಂಡಿತ್ತು. ಮೈಯಿಂದ ಹಾಲಿನ ಹಾಗೆ ಏನೋ ಒಸರುತ್ತಿತ್ತು.

“ಹಾಲುತೊಂಡೆನಾ ಅವ್ವ?” ಅಂದಳು ಧನುಶ್ರೀ.

ಒಂದೆರಡು ಇದ್ದೇ ಇರ್ತವೆ, ನೀನು ಹೋಗಿ ಮಲಕ್ಕೊ, ಕಣ್ಣು ಕೆಂಪಗಾಗವೆ ಅಂದಳು ಅವ್ವ. ಆದರೆ ಟಾರ್ಚು ಹಿಡಿದು ಅದೇ ಸ್ಟ್ಯಾಂಡನ್ನು ಇನ್ನೊಂದು ಸಲ ತುದಿಯಿಂದ ತುದಿಗೆ ನೋಡಿದಳು.

ಹಾಲುತೊಂಡೆ ರೋಗ ಅಂದರೆ ಏನು ಅಂತ ಧನುಶ್ರೀಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಹೀಗೇ ಒಂದೆರಡು ಅಂತ ಶುರುವಾಗಿ, ಇಡೀ ಮನೆಯ ಹುಳ ಹೋಗಿತ್ತು. ಅಪ್ಪ ತೋಟದ ಬದುವಿನಲ್ಲಿ ಗುಂಡಿ ತೋಡಿದ್ದ, ಅವ್ವ ಬುಟ್ಟಿ ಬುಟ್ಟಿಯಾಗಿ ತಂದು ಸುರಿದಿದ್ದಳು. ಆಮೇಲೆ ಅಪ್ಪ ಬಿಡದಿಯ ಫ್ಯಾಕ್ಟರಿಗೆ ಸೇರಿ ಅಲ್ಲೇ ರೂಮು ಮಾಡಿಕೊಂಡ. ಭಾನುವಾರ ಮಾತ್ರ ಬರುವುದು. ಬಂದವನು ಮಧ್ಯಾಹ್ನವೆಲ್ಲ ನಿದ್ದೆ ಮಾಡುವುದು, ಎದ್ದು ಹೊರಡುವುದು. ಆ ದಿನಗಳು ಧನುಶ್ರೀಗೆ ಬೇಡವೇ ಬೇಡ. ಈ ಬೆಳೆಗೆಂದು ಕೆಲಸ ಬಿಟ್ಟು ಊರಿಗೆ ಬಂದಿದ್ದ ಅಪ್ಪ, ಇದು ಕೈಗೆ ಬಂದರೆ ಇನ್ನು ಹೋಗಲ್ಲ ಅಂತ ಹೇಳಿದ್ದ. ಬರದಿದ್ದರೆ ಅಂತ ಯಾರೂ ಕೇಳಿರಲಿಲ್ಲ.

ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದಳು. ಮೈ ಬೆಚ್ಚಗಿತ್ತು. ತೋಳಿನೊಳಗೆ ಯಾರೋ ಸಣ್ಣಗೆ ತಮಟೆ ಬಾರಿಸುತ್ತಿದ್ದ ಹಾಗಿತ್ತು. ಹೊತ್ತು ಮುಳುಗುವ ಬೆಳಕು ತೆಂಗಿನ ಗರಿಯ ಸಂದಿಯಿಂದ ಬಂದು ರೆಪ್ಪೆಯ ಮೇಲೆ ಕೂತಿತು.

ನೋಡುತ್ತಾಳೆ, ತನ್ನ ತೋಳಿನೊಳಗೆ ಒಂದು ಊರು. ಊರಿಗೆ ಬೀದಿಗಳು, ಬೀದಿಗೆ ಕಾವಲುಗಾರರು. ಎಲ್ಲರೂ ಬಣ್ಣ ಬಣ್ಣದ ಮರದ ಗೊಂಬೆಗಳು, ಅರಗಿನ ಹೊಳಪು, ಕೆಂಪು ಹಳದಿ ಪೇಟ. ಬೀದಿಯಲ್ಲಿ ಒಬ್ಬ ಕಳ್ಳ ಮಲಗಿದ್ದಾನೆ, ಉಸಿರಿಲ್ಲ. ಕಾವಲುಗಾರರು ಅವನ ಗಲ್ಲ ಎತ್ತಿ ಮೂಗು ಎಷ್ಟುದ್ದ ಅಂತ ಗೇಣು ಹಾಕುತ್ತಿದ್ದಾರೆ. ಇನ್ನೊಬ್ಬ ಕಳ್ಳ ನಡೆಯಲೂ ಆಗದೆ ಗೋಡೆ ಹಿಡಿದುಕೊಂಡು ಬರುತ್ತಿದ್ದಾನೆ. ಅವನನ್ನು ನಾಲ್ಕು ಜನ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಕಲಿಯುತ್ತಿದ್ದಾರೆ. ಒಂದು ಕಡೆ ಗಾಳಿಯಲ್ಲಿ ಬರೀ ಟೋಪಿ ತೇಲಿ ಬರುತ್ತಿದೆ. ಇನ್ನೊಂದು ಕಡೆ ಒಬ್ಬ ಮುದುಕ ಕನ್ನಡಕ ಹಾಕಿಕೊಂಡು ಚೀಟಿ ಓದುತ್ತಾ ಟೋಪಿ ಹೊಲಿಯುತ್ತಿದ್ದಾನೆ.

ಆಮೇಲೆ ಊರಿನ ಬಾಗಿಲಲ್ಲಿ ಸದ್ದಾಯಿತು. ತಿರುಗಿ ನೋಡಿದರೆ ಹುಳಗಳು. ಸಾವಿರಾರು ಬಿಳೀ ಹುಳ ಸಾಲಾಗಿ ನಿಂತು ತಲೆ ಎತ್ತಿಕೊಂಡು ಅವಳನ್ನೇ ನೋಡುತ್ತಿವೆ. ಮುಂದೆ ಅವಳ ಐದನೇ ಕ್ಲಾಸು. ಗುಂಡ, ಸೋಮಾರಿ, ಮೂಗುಬಟ್ಟು.

“ನಮಗೆ?” ಅಂದವು. ಅಷ್ಟೇ ಅಂದದ್ದು.

ಎಚ್ಚರಾದಾಗ ಅವ್ವ ಹಣೆ ಮುಟ್ಟಿ ನೋಡುತ್ತಿದ್ದಳು. ಹುಳಗಳ ಆ ಮಾತು ಧನುಶ್ರೀಯ ತಲೆಯಿಂದ ಹೋಗಲಿಲ್ಲ. ಮನೆಯ ಹಸುವಿಗೆ ಕಾಲುಬಾಯಿ ರೋಗದ ಸೂಜಿ ಹಾಕಿಸಿದ್ದರು. ಸಾನಾಳ ಕೋಳಿಮರಿಗಳಿಗೆ ಕೊಕ್ಕರೆ ರೋಗ ಬರದ ಹಾಗೆ ಕಣ್ಣಿಗೆ ಹನಿ ಬಿಟ್ಟಿದ್ದರು. ತನಗೆ ಈಗ ಹಾಕಿದರು. ಹುಳಕ್ಕೆ ಮಾತ್ರ ಯಾರೂ ಯಾಕೆ ಹಾಕಲಿಲ್ಲ? ಪಾಪ, ಯಾರಿಗೂ ನೆನಪೇ ಆಗಿಲ್ಲ ಅಂದುಕೊಂಡಳು.

ಭಾನುವಾರ ಸೊಪ್ಪು ಬದಲಾಯಿಸುವಾಗ ಸ್ಟ್ಯಾಂಡಿನ ಅಂಚಿನಲ್ಲಿ ಅವಳಿಗೇ ಒಂದು ಊದಿದ ಹುಳ ಕಂಡಿತು. ಬೇರೆ ದಿನವಾಗಿದ್ದರೆ ಅವ್ವನನ್ನು ಕೂಗುತ್ತಿದ್ದಳು. ಅವತ್ತು ಕೂಗಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಹುಳವನ್ನು ಎಲೆಯಲ್ಲಿ ಮಡಿಸಿ, ತಾರಸಿಗೆ ಹೋದಳು. ಅಷ್ಟು ಹುಷಾರಿ.

ಮಾರ್ಚ್ ತಿಂಗಳ ಬಿಸಿಲು. ತಾರಸಿಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಒಡೆದ ಹೆಂಚಿನ ಚೂರಿನ ಮೇಲೆ ಹುಳವನ್ನಿಟ್ಟು ನೆರಳಲ್ಲಿ ಕೂತು ಕಾದಳು. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು, ಮೇಲೆ ಒಂದು ಹದ್ದು. ಮಧ್ಯಾಹ್ನವೆಲ್ಲ ಕನಸಿನ ಹಾಗೆ ಕಳೆಯಿತು. ಹುಳ ಸುಕ್ಕಾಗಿ, ಒಣಗಿ, ಸೊಪ್ಪಿನ ತೊಟ್ಟಿನಂತೆ ಆಯಿತು. ಇಷ್ಟು ಬಿಸಿಲಿಗೆ ರೋಗಾಣು ಸತ್ತೇ ಸತ್ತಿರುತ್ತದೆ, ಮುಖ ಮಾತ್ರ ಉಳಿದಿರುತ್ತದೆ ಅಂತ ಲೆಕ್ಕ ಹಾಕಿದಳು. ಸಿಸ್ಟರ್ ಹೇಳಿದ ಮೊದಲನೇ ಥರದ್ದು. ಅದೇ ಎಲ್ಲದಕ್ಕಿಂತ ಸುಲಭ ಅನ್ನಿಸಿತ್ತು.

ಕಲ್ಲಿನಲ್ಲಿ ಜಜ್ಜಿ, ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ನೀರಿಗೆ ಕಲಸಿದಳು. ಸಂಜೆ ಅವ್ವ ಹಾಲು ಹಾಕಲು ಡೈರಿಗೆ ಹೋದಾಗ, ಆ ನೀರನ್ನು ಎಳೇ ಸೊಪ್ಪಿಗೆ ಚಿಮುಕಿಸಿ, ತನ್ನ ತಟ್ಟೆಗೆ ಹಾಕಿದಳು. ಮೊದಲು ತನ್ನ ಕ್ಲಾಸಿಗೆ. ಇವಕ್ಕೆ ಏನೂ ಆಗದಿದ್ದರೆ ನಾಳೆ ಮನೆಗೆಲ್ಲ.

“ಹೆದರ್ಕಬೇಡಿ,” ಅಂದಳು. “ಚುಚ್ಚಲ್ಲ ನಾನು. ಬರೀ ತಿನ್ನಿ.”

ಅವು ತಿಂದವು. ಗುಂಡನಂತೂ ಎಲೆಯ ನರವನ್ನೂ ಬಿಡಲಿಲ್ಲ.

ಸೋಮವಾರ ಇಸ್ಮತ್ ಸಿಸ್ಟರ್ ಬಂದಾಗ ಧನುಶ್ರೀ ಮಧ್ಯಾಹ್ನದ ಬಿಸಿಯೂಟ ಬಿಟ್ಟು ಅವರ ಹತ್ತಿರ ಓಡಿದಳು. ಹೆಮ್ಮೆಯಿಂದ ಮುಖ ಅರಳಿತ್ತು. ಹುಳಕ್ಕೆ ಲಸಿಕೆ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಕವರು, ಹೆಂಚು, ಬಿಸಿಲು, ಟಾನಿಕ್ ಮುಚ್ಚಳ ಏನನ್ನೂ ಬಿಡಲಿಲ್ಲ.

ಸಿಸ್ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. ಕೈಲಿದ್ದ ಹತ್ತಿಯನ್ನು ಡಬ್ಬಿಗೆ ಹಾಕಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

“ಬಿಸಿಲಿಗೆ ಅದು ಸತ್ತಿದೆ ಅಂತ ಹೆಂಗೆ ಗೊತ್ತಾಯ್ತು ಬೇಟಾ?”

“ಒಣಗೋಗಿತ್ತು ಸಿಸ್ಟರ್.”

“ಹುಳ ಒಣಗಿತ್ತು. ಒಳಗಿದ್ದದ್ದು?”

ಧನುಶ್ರೀ ಉಗುರಿನಿಂದ ಬೆಂಚಿನ ಬಣ್ಣ ಕೆರೆಯತೊಡಗಿದಳು.

ಸಿಸ್ಟರ್ ಮೆಲ್ಲಗೆ ಹೇಳುತ್ತಾ ಹೋದರು. ಅವರ ಅಬ್ಬಾ, ಅಂದರೆ ಅಪ್ಪ, ಎಳೇ ಮಗುವಿನ ಒಂದು ಗಿಲಕಿ ಮಾಡಿದರೂ ಸೀದಾ ಅಂಗಡಿಗೆ ಕಳಿಸುವುದಿಲ್ಲವಂತೆ. ನೀರಲ್ಲಿ ನೆನೆಸಿ ಬಣ್ಣ ಬಿಡುತ್ತಾ ಅಂತ ನೋಡುತ್ತಾರೆ, ನೆಲಕ್ಕೆ ಎಸೆದು ಚೂರಾಗುತ್ತಾ ಅಂತ ನೋಡುತ್ತಾರೆ, ಯಾಕಂದರೆ ಮಗು ಅದನ್ನು ಬಾಯಿಗೇ ಇಟ್ಟುಕೊಳ್ಳುವುದು. ಗಿಲಕಿಗೇ ಇಷ್ಟು. ಲಸಿಕೆ ಮೈಯೊಳಕ್ಕೇ ಹೋಗುವುದು. ಮೊದಲು ಗಾಜಿನ ಕೊಳವೆಯಲ್ಲಿ ನೋಡುತ್ತಾರೆ, ಆಮೇಲೆ ಇಲಿಯಂಥ ಪ್ರಾಣಿಗಳಲ್ಲಿ. ಆಮೇಲೆ ತಾವಾಗಿಯೇ ಒಪ್ಪಿ ಬಂದ ಕೆಲವೇ ಜನಕ್ಕೆ, ಅವರಿಗೆ ತೊಂದರೆ ಇಲ್ಲ ಅಂತಾದರೆ ನೂರಾರು ಜನಕ್ಕೆ, ಆಮೇಲೆ ಸಾವಿರಾರು ಜನಕ್ಕೆ. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬೇರೇನೋ ಹಾಕಿ, ಯಾರಿಗೆ ಯಾವುದು ಅಂತ ಹಾಕುವವರಿಗೂ ಗೊತ್ತಾಗದ ಹಾಗೆ ಇಟ್ಟು, ಕಾಯಿಲೆ ಯಾರಿಗೆ ಕಮ್ಮಿಯಾಯಿತು ಅಂತ ಹೋಲಿಸುತ್ತಾರೆ. ಸತ್ತಿದೆ ಅಂದ ರೋಗಾಣು ನಿಜವಾಗಿ ಸತ್ತಿದೆಯಾ ಅಂತ ಮತ್ತೆ ಮತ್ತೆ ಬೆಳೆಸಿ ನೋಡುತ್ತಾರೆ. ಒಂದೊಂದಕ್ಕೆ ಹತ್ತು ಹದಿನೈದು ವರ್ಷ ಹಿಡಿದದ್ದಿದೆ.

ಕೊರೊನಾದ್ದು ಬೇಗ ಬಂತಲ್ಲ ಅಂತ ಧನುಶ್ರೀ ಕೇಳಿದಳು. ದನಿ ಸಣ್ಣಗಾಗಿತ್ತು. ಅದಕ್ಕೆ ಬೇಕಾದ ಅರ್ಧ ಕೆಲಸ ಮುಂಚೆಯೇ ಎಷ್ಟೋ ವರ್ಷದಿಂದ ನಡೆದಿತ್ತು, ಲೋಕದ ಜನವೆಲ್ಲ ಒಟ್ಟಿಗೆ ಕೈ ಹಾಕಿದರು, ಆದರೂ ಪರೀಕ್ಷೆ ಮಾಡದೆ ಯಾರಿಗೂ ಚುಚ್ಚಲಿಲ್ಲ ಅಂದರು ಸಿಸ್ಟರ್.

“ಹಂಗಾದ್ರೆ ನಾನು ಹತ್ತು ವರ್ಷ ಮಾಡಿದ್ರೆ ಹುಳಕ್ಕೆ ಲಸಿಕೆ ಆಗುತ್ತಾ?”

ತಾನು ಓದಿದ್ದು ಮನುಷ್ಯರ ಬಗ್ಗೆ, ಹುಳದ್ದು ಗೊತ್ತಿಲ್ಲ ಅಂತ ಒಪ್ಪಿಕೊಂಡ ಸಿಸ್ಟರ್, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ತಮ್ಮ ಗೆಳತಿ ನಿಖಾತ್‌ಗೆ ಅಲ್ಲಿಂದಲೇ ಫೋನು ಮಾಡಿದರು. ಒಂದೆರಡು ನಿಮಿಷ ಹೂಂ ಹೂಂ ಅಂದು ಇಟ್ಟರು.

“ಹುಳಾನೂ ರೋಗದ ಜೊತೆ ಹೋರಾಡುತ್ತಂತೆ,” ಅಂದರು. “ಆದ್ರೆ ಒಂದ್ಸಲ ನೋಡಿದ ಮುಖಾನ ವರ್ಷಗಟ್ಟಲೆ ನೆನಪಿಟ್ಕೊಳ್ಳೋ ಕಾವಲುಗಾರರು ನಮಗೆ ಇದಾರಲ್ಲ, ಅಂಥೋರು ಹುಳಕ್ಕೆ ಇಲ್ವಂತೆ. ಇನ್ನೊಂದು ಮಾತು ಹೇಳಿದ್ಲು. ಹಾಲುತೊಂಡೆಯ ವೈರಸ್ಸು ಭಾಳ ಗಟ್ಟಿಯಂತೆ, ಅಷ್ಟು ಬಿಸಿಲಿಗೆಲ್ಲ ಬಗ್ಗಲ್ವಂತೆ.”

ಧನುಶ್ರೀಗೆ ಈಗ ಹೊಳೆಯಿತು. ತಾನು ತಿನ್ನಿಸಿದ್ದು ಗೊಂಬೆಯಲ್ಲ. ಕಳ್ಳನನ್ನೇ. ಅದೂ ಕರೆದು ಬಾಗಿಲು ತೆಗೆದು.

“ನಿಮ್ಮಮ್ಮಂಗೆ ಹೇಳಿದೀಯಾ?”

ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು.

“ನಾನು ಬರ್ಲಾ ಜೊತೆಗೆ?”

ಬೇಡ ಅಂದಳು ಧನುಶ್ರೀ. ಮೇಷ್ಟರನ್ನು ಕೇಳಿ, ಸಾನಾಳಿಗೆ ಬ್ಯಾಗು ತರಲು ಹೇಳಿ, ಗೇಟು ದಾಟಿದಳು.

ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೋಡಿದಾಗ ಒಂದು ಹುಳಕ್ಕೂ ಏನೂ ಆಗಿರಲಿಲ್ಲ. ಆಗದೆಯೂ ಇರಬಹುದು. ಹೇಳಿದರೆ ಐದನೇ ಕ್ಲಾಸನ್ನು ಅವ್ವ ಉಳಿಸುವುದಿಲ್ಲ. ಹೇಳದಿದ್ದರೆ, ಅದರಿಂದ ಪಕ್ಕದ ಸ್ಟ್ಯಾಂಡಿಗೆ, ಅದರಿಂದ ಅದರ ಪಕ್ಕಕ್ಕೆ. ಆಮೇಲೆ ಗುಂಡಿ, ಆಮೇಲೆ ಬಿಡದಿ. ಮನೆಯ ಸಂದಿ ಹತ್ತಿರ ಬಂದಾಗ ಅಳು ಬಂದುಬಿಟ್ಟಿತು.

ಅವ್ವ ಹುಳು ಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ಧನುಶ್ರೀ ದೂರದಲ್ಲೇ ನಿಂತು, ಬಿಕ್ಕುತ್ತಾ ಎಲ್ಲ ಹೇಳಿದಳು. ಅವ್ವನ ಕೈ ನಿಂತಿತು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದರೆ ಅವ್ವ ಕೇಳಿದ್ದೇ ಬೇರೆ.

“ಆ ಸೊಪ್ಪು ಮುಟ್ಟಿದ ಕೈಲಿ ಆಮೇಲೆ ಯಾವ ಸ್ಟ್ಯಾಂಡ್ ಮುಟ್ಟಿದ್ದೆ?”

“ಯಾವುದೂ ಮುಟ್ಟಿಲ್ಲ.”

“ನೆನಪು ಮಾಡ್ಕೊ. ಅಳೋದು ಆಮೇಲೆ.”

ಧನುಶ್ರೀ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಮುಚ್ಚಳ ಬಿಸಾಕಿದ್ದು, ಬಾಗಿಲು ಹಾಕಿದ್ದು, ನಲ್ಲಿಯಲ್ಲಿ ಕೈ ತೊಳೆದದ್ದು. ಬಾಗಿಲು ಹಾಕುವ ಮುಂಚೆ ಕಿಟಕಿ ಪಕ್ಕದ ಸ್ಟ್ಯಾಂಡಿನಿಂದ ಕೆಳಗೆ ಬಿದ್ದಿದ್ದ ಒಂದು ಹುಳವನ್ನು ಎತ್ತಿ ಮೇಲಿಟ್ಟಿದ್ದಳು. ಕೈ ತೊಳೆಯುವ ಮುಂಚೆ. ಅದನ್ನೂ ಹೇಳಿದಳು.

ಅವ್ವ ಉದ್ದಕ್ಕೆ ಉಸಿರು ಬಿಟ್ಟಳು. “ತಟ್ಟೆ ಎತ್ತಿಕೊಂಡು ಬಾ. ನೀನೇ ತತ್ತಾ. ಎಲ್ಲೂ ತಗಲಿಸಬೇಡ.”

“ಅವಕ್ಕೆ ಏನೂ ಆಗಿಲ್ಲವ್ವ. ಎಲ್ಲ ಚೆನ್ನಾಗವೆ, ಬೇಕಾದ್ರೆ ನೋಡು.”

“ಗೊತ್ತು ಕಣವ್ವ,” ಅಂದಳು ಅವ್ವ.

ಧನುಶ್ರೀ ತಟ್ಟೆ ಹೊತ್ತು ತೋಟದ ಬದುವಿಗೆ ನಡೆದಳು. ಅಟೆಂಡೆನ್ಸ್ ಕೂಗಲಿಲ್ಲ. ಗುಂಡ ತಟ್ಟೆಯ ಅಂಚಿಗೆ ಹತ್ತಿ, ತಲೆ ಆ ಕಡೆ ಈ ಕಡೆ ಆಡಿಸುತ್ತಾ ಸೊಪ್ಪು ಹುಡುಕುತ್ತಿತ್ತು. ಅವ್ವ ಕೂಗಿ ಹೇಳಿದ್ದರಿಂದ ಅಪ್ಪ ಬಾಲರಾಜು ಅಷ್ಟರಲ್ಲಿ ಗುಂಡಿ ತೋಡಿ ಮುಗಿಸಿದ್ದ. ಅವನಿಗೆ ಸಿಟ್ಟು ಬಂದಿತ್ತು. ಏನು ಡಾಕ್ಟ್ರಾಗ್ಬುಟ್ಯಾ ನೀನು, ಒಂದು ಮಾತು ಕೇಳೋಕೆ ಏನಾಗಿತ್ತು ಅಂತ ಗದರಿದ. ಆಮೇಲೆ ಮಗಳ ಮುಖ ನೋಡಿ, ತಟ್ಟೆಯನ್ನು ತಾನೇ ಇಸಿದುಕೊಂಡು, ಅವಳಿಗೆ ಆ ಕಡೆ ತಿರುಗಿ ನಿಲ್ಲಲು ಹೇಳಿದ. ಸುಣ್ಣ ಸುರಿಯುವ ಸದ್ದು ಕೇಳಿತು. ಧನುಶ್ರೀ ಎರಡೂ ಕಿವಿ ಮುಚ್ಚಿಕೊಂಡಳು.

ತಟ್ಟೆ ಸುಟ್ಟರು. ಕಿಟಕಿ ಪಕ್ಕದ ಸ್ಟ್ಯಾಂಡಿಗೆ ಅವ್ವ ಸೋಂಕು ಕೊಲ್ಲುವ ಪೌಡರು ಹೊಡೆದು, ಸುತ್ತ ಸುಣ್ಣದ ಗೆರೆ ಎಳೆದಳು. ಧನುಶ್ರೀಯನ್ನು ಸ್ವಲ್ಪ ದಿನ ಒಳಗೆ ಬರಬೇಡ ಅಂದಳು.

ನಾಲ್ಕನೇ ಜ್ವರ ಬಂತು. ಸಾವಿರಾರು ಹುಳ ತಿನ್ನುವುದು ನಿಲ್ಲಿಸಿ ತಲೆ ಎತ್ತಿ ನಿಂತವು. ಇದರಿಂದ ಎದ್ದಾಗಲೇ ಹಾಲುತೊಂಡೆ ಕಾಣಿಸಿಕೊಳ್ಳುವುದು. ಹೋದ ವರ್ಷವೂ ಹಾಗೇ ಆಗಿತ್ತು. ಧನುಶ್ರೀ ಸ್ಕೂಲಿಂದ ಬಂದು ಹುಳು ಮನೆಯ ಜಾಲರಿ ಕಿಟಕಿಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಒಳಗೆ ಅರೆಗತ್ತಲು. ಅವು ನಿದ್ದೆಯಲ್ಲಿ ಏನು ಕಾಣುತ್ತಿರಬಹುದು ಅಂತ ಯೋಚಿಸುವಳು. ಹೋದ ವರ್ಷದ ಹುಳಗಳು ಏನಾದವು ಅಂತ ಇವಕ್ಕೆ ಗೊತ್ತಿಲ್ಲ. ಮೊನ್ನೆ ತನ್ನ ತಟ್ಟೆಯವು ಏನಾದವು ಅಂತಲೂ ಗೊತ್ತಿಲ್ಲ. ಪ್ರತಿ ಸಲವೂ ಹೊಸದಾಗಿ ಹುಟ್ಟಿ, ಏನೂ ಗೊತ್ತಿಲ್ಲದೆ ಸೊಪ್ಪು ತಿನ್ನುತ್ತವೆ.

ತೋಳಿನ ನೋವು ಯಾವಾಗಲೋ ಹೋಗಿತ್ತು. ಆದರೂ ಅಲ್ಲಿ ಬೆರಳಿಟ್ಟು ಮುಟ್ಟಿದಳು. ತನ್ನೊಳಗೆ ಯಾರೋ ಒಂದು ಮುಖವನ್ನು ನೆನಪಿಟ್ಟುಕೊಂಡು ಕೂತಿದ್ದಾರೆ, ತಾನು ಮಲಗಿದರೂ ಅವರು ಮಲಗುವುದಿಲ್ಲ ಅಂದುಕೊಂಡರೆ ಒಂಥರಾ ಧೈರ್ಯ. ಈ ಪಾಪದವಕ್ಕೆ ಹಾಗೆ ಯಾರೂ ಇಲ್ಲ.

ಹುಳಗಳು ಎದ್ದ ಬೆಳಿಗ್ಗೆ ಅವ್ವನೇ ಕೂಗಿದಳು. ಧನುಶ್ರೀ ಹಲ್ಲುಜ್ಜುತ್ತಿದ್ದವಳು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಹುಳು ಮನೆಯ ಬಾಗಿಲಿಗೆ ಓಡಿದಳು. ಹೊಸ ಸೊಪ್ಪು ಬಿದ್ದಿತ್ತು. ಹುಳು ಮನೆಯೆಲ್ಲ ಸರಸರ ಸದ್ದು. ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ನಾಲ್ಕೈದು ಊದಿದವು ಸಿಕ್ಕವಂತೆ, ಬೇಸನ್ನಿಗೆ ಹಾಕಿದ್ದಾಯಿತಂತೆ. ಉಳಿದವು ಗಟ್ಟಿಯಾಗಿ ತಿನ್ನುತ್ತಿದ್ದವು. ಬೆಳೆ ಕೈಗೆ ಬರ್ತದೆ ಅನ್ನಿಸ್ತದೆ ಅಂತ ಅಪ್ಪ ಹೊರಗಿನಿಂದಲೇ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ.

ಅವ್ವನ ಕಣ್ಣು ಕೆಂಡದ ಹಾಗಿದ್ದವು. ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲವೋ. ಆದರೂ ಟಾರ್ಚು ಹಿಡಿದು ಮತ್ತೆ ಮೊದಲ ಸ್ಟ್ಯಾಂಡಿಗೇ ಬಂದಳು. ಒಂದೊಂದೇ ಸೊಪ್ಪು ಎತ್ತಿ, ಒಂದೊಂದೇ ಹುಳದ ಮೈ ನೋಡುತ್ತಾ, ನಿಧಾನವಾಗಿ ಸಾಗಿದಳು.

“ಈಗ ತಾನೇ ಎಲ್ಲ ನೋಡಿದೆಯಲ್ಲವ್ವ,” ಅಂದಳು ಧನುಶ್ರೀ.

“ಹೋದ ವರ್ಷ ಇದೇ ಮೂಲೆಯಿಂದ ಶುರುವಾಗಿದ್ದು,” ಅಂದಳು ಅವ್ವ. ತಲೆ ಎತ್ತಲಿಲ್ಲ.

ಧನುಶ್ರೀ ಅವ್ವನನ್ನೇ ನೋಡುತ್ತಾ ನಿಂತಳು. ಟಾರ್ಚಿನ ಬೆಳಕು ಬಿಳೀ ಬೆನ್ನುಗಳ ಮೇಲೆ ಹರಿಯುತ್ತಿತ್ತು. ಹುಳಗಳು ತಮ್ಮ ಪಾಡಿಗೆ ತಿನ್ನುತ್ತಿದ್ದವು.

ಅವಳು ಹೋಗಿ ಬಾಯಿ ಮುಕ್ಕಳಿಸಿ, ಕೈಗೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು, ತೊಟ್ಟಿಯಲ್ಲಿ ಕಾಲು ಅದ್ದಿ ಒಳಗೆ ಬಂದಳು. ಅವ್ವನ ಪಕ್ಕದಲ್ಲಿ ನಿಂತು, ಆ ಸ್ಟ್ಯಾಂಡಿನ ಇನ್ನೊಂದು ತುದಿಯಿಂದ ಸೊಪ್ಪು ಎತ್ತಿ ನೋಡತೊಡಗಿದಳು.